ಅದೇ ಜಗಳ, ಬೇರೆ ಮನುಷ್ಯರು: ಮರುಕಳಿಸುವ ಮಾದರಿಯನ್ನು ಸೈಕೋಡೈನಮಿಕ್ ಥೆರಪಿ ಬದಲಿಸುವ ಬಗೆ

ಮೂವತ್ತೈದರ ಆಸುಪಾಸಿನ ಒಬ್ಬ ಹೆಣ್ಣುಮಗಳನ್ನು ಊಹಿಸಿಕೊಳ್ಳಿ. ಮನೆಗೆ ಹಿರಿಯ ಮಗಳು, ಬ್ಯಾಂಕಿನಲ್ಲಿ ಕೆಲಸ. ಕ್ವಾರ್ಟರ್ ಮುಗಿಯುವ ಹೊತ್ತಿಗೆ ಪಕ್ಕದ ಟೇಬಲ್ಲಿನವರ ಕೆಲಸವನ್ನೂ ತಾನೇ ಎಳೆದುಕೊಂಡು ಮಾಡುತ್ತಾಳೆ. ಮೀಟಿಂಗಿನಲ್ಲಿ ಮ್ಯಾನೇಜರು ಬೇರೆಯವರನ್ನು ಹೊಗಳುತ್ತಾರೆ. ಆಕೆ ಏನೂ ಹೇಳುವುದಿಲ್ಲ; ಆದರೆ ಆಮೇಲೆ ಎರಡು ವಾರ ಆ ಮ್ಯಾನೇಜರ ಜೊತೆ ಅಳೆದು ತೂಗಿ ಎರಡೇ ಮಾತು. ನಾದಿನಿಯ ಸೀಮಂತಕ್ಕೆ ನಾಲ್ಕು ದಿನ ನಿಂತ ಕಾಲಲ್ಲಿ ದುಡಿಯುತ್ತಾಳೆ. 'ನಿನ್ನ ಊಟ ಆಯ್ತಾ' ಎಂದು ಒಬ್ಬರೂ ಕೇಳುವುದಿಲ್ಲ. ಮನೆಗೆ ಬಂದ ಮೇಲೆ ಗಂಡನ ಜೊತೆ ಮಾತು ಬಿಡುತ್ತಾಳೆ. ಅವನಿಗೆ ಕಾರಣ ಗೊತ್ತಿಲ್ಲ, ಕೇಳಿದರೆ 'ಏನಿಲ್ಲ' ಎಂಬ ಉತ್ತರ. ಹತ್ತು ವರ್ಷದ ಹಿಂದೆ ಹಾಸ್ಟೆಲ್ ಗೆಳತಿಯ ಜೊತೆ ಸ್ನೇಹ ಮುರಿದದ್ದೂ ಹೆಚ್ಚುಕಡಿಮೆ ಹೀಗೆಯೇ.

ಇದು ಯಾರೋ ಒಬ್ಬರ ಕಥೆಯಲ್ಲ, ವಿವರಿಸಲೆಂದು ಕಟ್ಟಿಕೊಂಡ ಉದಾಹರಣೆ. ಆದರೆ ಥೆರಪಿಸ್ಟರ ಕೋಣೆಗೆ ಬರುವ ದೂರುಗಳಲ್ಲಿ ಇಂಥವು ಬಹಳ. ಬಂದವರು ಹೇಳುವ ಮಾತು ಒಂದೇ ತೆರ: 'ನನಗೆಲ್ಲ ಗೊತ್ತಾಗುತ್ತೆ. ನಾನು ಮಾಡ್ತಿರೋದು ಸರಿಯಿಲ್ಲ ಅಂತಾನೂ ಗೊತ್ತು. ಆದರೂ ಪ್ರತಿ ಸಲ ಅಲ್ಲಿಗೇ ಹೋಗಿ ನಿಲ್ತೀನಿ.' ಗೊತ್ತಿದ್ದೂ ಯಾಕೆ ಬದಲಾಗುವುದಿಲ್ಲ ಎಂಬ ಈ ಪ್ರಶ್ನೆಯ ಮೇಲೆಯೇ ಸೈಕೋಡೈನಮಿಕ್ ಥೆರಪಿ, ಅಂದರೆ ನಮಗೇ ತಿಳಿಯದೆ ಒಳಗೆ ಕೆಲಸ ಮಾಡುವ ಹಳೆಯ ಭಾವ, ಸಂಬಂಧಗಳ ಮಾದರಿಯನ್ನು ಹುಡುಕಿ ಬದಲಿಸುವ ಮಾತಿನ ಚಿಕಿತ್ಸೆ, ನಿಂತಿದೆ.

ಹಳೆಯ ಮನೆಯ ನಕ್ಷೆ

'ಮೂರು ವರ್ಷದ ಬುದ್ಧಿ ನೂರು ವರ್ಷದ ತನಕ' ಎನ್ನುತ್ತೇವೆ. ಗಾದೆ ಅರ್ಧ ನಿಜ. ಮಗು ಬುದ್ಧಿಯೊಂದನ್ನೇ ಕಲಿಯುವುದಿಲ್ಲ. ತನ್ನ ಮನೆಯಲ್ಲಿ ಹೇಗಿದ್ದರೆ ಬಾಳಬಹುದು ಎಂಬುದನ್ನೂ ಕಲಿಯುತ್ತದೆ. ನಮ್ಮ ಉದಾಹರಣೆಯ ಮನೆಯಲ್ಲಿ ತಾಯಿಗೆ ಸದಾ ಅನಾರೋಗ್ಯ, ತಂದೆಗೆ ಮೂಗಿನ ಮೇಲೆ ಸಿಟ್ಟು, ಕೆಳಗೆ ಇಬ್ಬರು ತಮ್ಮಂದಿರು ಎಂದುಕೊಳ್ಳಿ. ಅಲ್ಲಿ 'ನನಗೆ ಇದು ಬೇಕು' ಎಂದು ಕೇಳಿದರೆ ಮನೆಯ ನೆಮ್ಮದಿ ಕೆಡುತ್ತದೆ. ಕೇಳದೆ ಕೆಲಸ ಮಾಡಿದರೆ 'ನಮ್ಮ ಮಗು ಎಷ್ಟು ಜಾಣೆ' ಎಂಬ ಮಾತು ಸಿಗುತ್ತದೆ. ಆ ಮನೆಯಲ್ಲಿ ಅದು ಸರಿಯಾದ ಉಪಾಯವೇ ಆಗಿತ್ತು. ತೊಂದರೆ ಶುರುವಾಗುವುದು ಮನೆ ಬದಲಾದ ಮೇಲೂ ಆ ನಕ್ಷೆ ಕೈಯಲ್ಲೇ ಉಳಿದಾಗ. ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ ಇದನ್ನು ಮನಸ್ಸಿನೊಳಗಿನ ಕಾರ್ಯಮಾದರಿ ಎಂದು ಕರೆದರು: ಬೇರೆಯವರು ಹೇಗಿರುತ್ತಾರೆ, ನಾನು ಅವರಿಗೆ ಏನಾಗಬೇಕು ಎಂಬ ಎರಡು ನಿರೀಕ್ಷೆಗಳ ಜೋಡಿ ಅದು.

ನಕ್ಷೆ ಹಳತಾದರೆ ತಾನೇ ಅಳಿಸಿ ಹೋಗಬೇಕಲ್ಲವೇ? ಹೋಗುವುದಿಲ್ಲ, ಏಕೆಂದರೆ ಅದು ದಿನವೂ ಹೊಸ ಸಾಕ್ಷಿ ಹುಟ್ಟಿಸಿಕೊಳ್ಳುತ್ತದೆ. ಆಕೆ ಬಾಯಿಬಿಟ್ಟು ಕೇಳುವುದಿಲ್ಲ, ಹಾಗಾಗಿ ಗಂಡನಿಗೆ ತಿಳಿಯುವುದಿಲ್ಲ. ಮಾತು ಬಿಟ್ಟಾಗ ಅವನು ಹೆದರಿ ದೂರ ಉಳಿಯುತ್ತಾನೆ. ಆ ದೂರವೇ ಆಕೆಗೆ 'ನೋಡು, ನನ್ನ ಬಗ್ಗೆ ಯಾರಿಗೂ ಕಾಳಜಿಯಿಲ್ಲ' ಎಂಬುದಕ್ಕೆ ಪುರಾವೆ. ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ವಾಕ್ಟೆಲ್ ಒತ್ತಿ ಹೇಳಿದ್ದು ಈ ಸುತ್ತನ್ನೇ. ಬಾಲ್ಯದಲ್ಲಿ ಆದದ್ದು ಮಾತ್ರವೇ ಮಾದರಿಯನ್ನು ಉಳಿಸುವುದಿಲ್ಲ. ಇವತ್ತು ಬೆಳಿಗ್ಗೆ ಅಡುಗೆಮನೆಯಲ್ಲಿ ನಡೆದದ್ದೂ ಉಳಿಸುತ್ತದೆ. ಎಲ್ಲಕ್ಕೂ ಅಪ್ಪ ಅಮ್ಮನೇ ಕಾರಣ ಎಂದು ಬೊಟ್ಟು ಮಾಡುವುದು ಈ ಚಿಕಿತ್ಸೆ ಎಂದು ತಿಳಿದವರು ಈ ಅಂಶವನ್ನು ಗಮನಿಸಬೇಕು.

1914ರಷ್ಟು ಹಿಂದೆಯೇ, ಈ ಚಿಕಿತ್ಸೆಗೆ ಮೂಲವಾದ ಮನೋವಿಶ್ಲೇಷಣೆಯ ಜನಕ ಸಿಗ್ಮಂಡ್ ಫ್ರಾಯ್ಡ್ ಒಂದು ಪುಟ್ಟ ಪ್ರಬಂಧದಲ್ಲಿ ಇದರ ಇನ್ನೊಂದು ಮುಖ ತೋರಿಸಿದ್ದರು: ಮರೆತದ್ದನ್ನು ಮನುಷ್ಯ ನೆನಪಾಗಿ ಹೇಳುವುದಿಲ್ಲ, ನಡತೆಯಾಗಿ ಮಾಡಿ ತೋರಿಸುತ್ತಾನೆ, ತಾನು ಪುನರಾವರ್ತಿಸುತ್ತಿದ್ದೇನೆ ಎಂಬುದೇ ಅವನಿಗೆ ತಿಳಿದಿರುವುದಿಲ್ಲ. ನೂರು ವರ್ಷಗಳಲ್ಲಿ ಫ್ರಾಯ್ಡರ ಎಷ್ಟೋ ವಿಚಾರಗಳನ್ನು ಕೈಬಿಡಲಾಗಿದೆ. ಇದು ಮಾತ್ರ ಉಳಿದುಕೊಂಡಿದೆ.

ಮಾದರಿಯನ್ನು ಹುಡುಕುವುದು ಹೇಗೆ

ಮೊದಲ ಎರಡರಿಂದ ನಾಲ್ಕು ಭೇಟಿಗಳು ಪರಿಶೀಲನೆಗೆ ಹೋಗುತ್ತವೆ. ನಿದ್ದೆ, ಹಸಿವು, ಕುಡಿತ, ಆತ್ಮಹತ್ಯೆಯ ಯೋಚನೆ, ತೆಗೆದುಕೊಳ್ಳುತ್ತಿರುವ ಮಾತ್ರೆ, ಥೈರಾಯ್ಡ್‌ನಂಥ ದೇಹದ ಕಾರಣಗಳು ಎಲ್ಲವನ್ನೂ ಕೇಳಬೇಕು. ಇದನ್ನು ಕೇಳದೆ ನೇರವಾಗಿ ಬಾಲ್ಯಕ್ಕೆ ಇಳಿಯುವವರ ಬಗ್ಗೆ ಎಚ್ಚರವಾಗಿರಿ.

ಆಮೇಲಿನ ಕೆಲಸಕ್ಕೆ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಲೆಸ್ಟರ್ ಲುಬೋರ್ಸ್ಕಿ 1970ರ ದಶಕದಲ್ಲಿ ರೂಪಿಸಿದ ವಿಧಾನ ಬಹಳ ಉಪಯುಕ್ತ. ವ್ಯಕ್ತಿ ಹೇಳುವ ಸಂಬಂಧದ ಪ್ರಸಂಗಗಳನ್ನು ಒಂದೊಂದಾಗಿ ತೆಗೆದುಕೊಂಡು ಮೂರು ಅಂಕಣ ಮಾಡುವುದು: ನಾನು ಏನನ್ನು ಬಯಸಿದೆ, ಎದುರಿನವರು ಏನು ಮಾಡಿದರು, ಆಗ ನನಗೆ ಏನನ್ನಿಸಿತು ಮತ್ತು ನಾನು ಏನು ಮಾಡಿದೆ. ಹತ್ತು ಪ್ರಸಂಗಗಳಿದ್ದರೆ ಸಾಕು, ಮಾದರಿ ಎದ್ದು ಕಾಣುತ್ತದೆ.

ಇಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ. 'ಅವರು ಯಾವಾಗಲೂ ಹಾಗೇ' ಎಂಬುದು ಪ್ರಸಂಗವಲ್ಲ, ತೀರ್ಪು. ಒಂದು ದಿನ, ಒಂದು ಜಾಗ, ಒಬ್ಬ ವ್ಯಕ್ತಿ, ಇಬ್ಬರೂ ಆಡಿದ ಮಾತು, ಇಷ್ಟು ಬೇಕು. 'ಕಳೆದ ಗುರುವಾರ ರಾತ್ರಿ ಪಾತ್ರೆ ತೊಳೆಯುವಾಗ' ಎಂದು ಶುರುವಾದರೆ ಅದು ಕೆಲಸಕ್ಕೆ ಬರುತ್ತದೆ. ಹತ್ತೂ ಜಗಳಗಳೇ ಆಗಿರಬಾರದು. ಸಂಬಂಧ ಚೆನ್ನಾಗಿ ಸಾಗಿದ ಎರಡು ಮೂರು ಪ್ರಸಂಗಗಳೂ ಇರಲಿ. ಮಾದರಿ ಎಲ್ಲಿ ಸಡಿಲವಾಗುತ್ತದೆ ಎಂಬುದು ಗೊತ್ತಾಗುವುದು ಅವುಗಳಿಂದಲೇ.

ನಮ್ಮ ಉದಾಹರಣೆಯಲ್ಲಿ ಮೊದಲ ಅಂಕಣ ಮೇಲ್ನೋಟಕ್ಕೆ 'ನನ್ನ ಕೆಲಸವನ್ನು ಗುರುತಿಸಬೇಕು' ಎಂದು ಕಾಣಬಹುದು. ಹತ್ತು ಪ್ರಸಂಗ ಅಕ್ಕಪಕ್ಕ ಇಟ್ಟಾಗ ಇನ್ನೂ ಕೆಳಗಿನದು ಸಿಗುತ್ತದೆ: 'ನಾನು ಕೇಳದೆಯೇ ನನ್ನ ದಣಿವು ಅವರಿಗೆ ಕಾಣಬೇಕು.' ಎರಡನೆಯದು: ಅವರು ಕೆಲಸ ತೆಗೆದುಕೊಳ್ಳುತ್ತಾರೆ, ನನ್ನನ್ನು ನೋಡುವುದಿಲ್ಲ. ಮೂರನೆಯದು: ನುಂಗಿಕೊಳ್ಳುತ್ತೇನೆ, ಇನ್ನಷ್ಟು ಮಾಡುತ್ತೇನೆ, ಒಂದು ದಿನ ಮಾತು ಬಿಡುತ್ತೇನೆ, ಆಮೇಲೆ ತಪ್ಪಿತಸ್ಥ ಭಾವ ಬಂದು ಮತ್ತೆ ಕೆಲಸಕ್ಕೆ ಇಳಿಯುತ್ತೇನೆ.

ಲುಬೋರ್ಸ್ಕಿ ಮತ್ತು ಅವರ ಸಹೋದ್ಯೋಗಿಗಳ ಅಧ್ಯಯನದಲ್ಲಿ ಕಂಡ ಒಂದು ಸಂಗತಿ ತುಂಬ ಸಮಾಧಾನ ಕೊಡುವಂಥದ್ದು. ಚಿಕಿತ್ಸೆಯ ನಂತರ ಎರಡನೆಯ ಮತ್ತು ಮೂರನೆಯ ಅಂಕಣಗಳು ಬದಲಾದಷ್ಟು ಮೊದಲನೆಯದು ಬದಲಾಗಲಿಲ್ಲ. ಅಂದರೆ ಬಯಕೆಯನ್ನು ಕಿತ್ತುಹಾಕುವುದು ಗುರಿಯಲ್ಲ. ತನ್ನ ದಣಿವನ್ನು ಯಾರಾದರೂ ಕಾಣಲಿ ಎಂದು ಬಯಸುವುದು ಯಾವ ರೋಗವೂ ಅಲ್ಲ. ಆ ಬಯಕೆಯನ್ನು ಹಿಡಿದು ಆಕೆ ನಡೆಯುವ ದಾರಿ ಬದಲಾಗಬೇಕು.

ಎರಡು ತ್ರಿಕೋನಗಳು

ಮಾದರಿ ಕಾಗದದ ಮೇಲೆ ಬಂದಾಯಿತು. ಇನ್ನು ಅದನ್ನು ಅಲುಗಿಸುವುದು. ಲಂಡನ್ನಿನ ಟ್ಯಾವಿಸ್ಟಾಕ್ ಕ್ಲಿನಿಕ್ಕಿನಲ್ಲಿದ್ದ ಡೇವಿಡ್ ಮಲಾನ್ ಇದಕ್ಕೆ ಎರಡು ತ್ರಿಕೋನಗಳ ಚಿತ್ರ ಬಳಸಿದರು. ಇಂದಿಗೂ ತರಬೇತಿಯಲ್ಲಿ ಅವನ್ನೇ ಬರೆದು ತೋರಿಸುತ್ತಾರೆ.

ಮೊದಲನೆಯದು ಒಳಗಿನ ತ್ರಿಕೋನ. ತಳದ ಮೂಲೆಯಲ್ಲಿ ಅಡಗಿದ ಭಾವ: ಸಿಟ್ಟು, ದುಃಖ, ಹಂಬಲ, ಪ್ರೀತಿ. ಇನ್ನೊಂದು ಮೂಲೆಯಲ್ಲಿ ಆ ಭಾವ ಮೇಲೆ ಬಂದರೆ ಅನಾಹುತವಾದೀತು ಎಂಬ ಆತಂಕ. ಮೂರನೆಯದರಲ್ಲಿ ಆ ಆತಂಕದಿಂದ ತಪ್ಪಿಸಿಕೊಳ್ಳುವ ರಕ್ಷಣಾತಂತ್ರ. ನಮ್ಮ ಭಾಷೆಯಲ್ಲಿ ರಕ್ಷಣಾತಂತ್ರಗಳಿಗೆ ಪಠ್ಯಪುಸ್ತಕದ ಹೆಸರುಗಳಿಗಿಂತ ಒಳ್ಳೆಯ ಮಾತುಗಳಿವೆ: ನುಂಗಿಕೊಳ್ಳುವುದು, ಹೊಟ್ಟೆಗೆ ಹಾಕಿಕೊಳ್ಳುವುದು, ದಾಕ್ಷಿಣ್ಯ, ಮಾತು ಬಿಡುವುದು, ನಗೆಯಲ್ಲಿ ತೇಲಿಸುವುದು, ಯಾರ ಮೇಲಿನ ಸಿಟ್ಟನ್ನೋ ಯಾರ ಮೇಲೋ ತೀರಿಸಿಕೊಳ್ಳುವುದು. ಓದಿಕೊಂಡವರಲ್ಲಿ ಇನ್ನೊಂದು ಹೆಚ್ಚು: ಎಲ್ಲವನ್ನೂ ವಿವರಿಸಿಬಿಡುವುದು. 'ನನಗೆ ಆಂಗ್ಸೈಟಿ ಇದೆ, ಅದು ಚೈಲ್ಡ್‌ಹುಡ್‌ನಿಂದ ಬಂದದ್ದು' ಎಂದು ಸರಾಗವಾಗಿ ಹೇಳುತ್ತಾ ಒಂದು ಹನಿ ಕಣ್ಣೀರೂ ಬಾರದಂತೆ ನೋಡಿಕೊಳ್ಳುವುದು.

ಭಾಷೆಯ ಮಾತು ಬಂದದ್ದರಿಂದ ಇಲ್ಲಿ ಒಂದು ವಿಷಯ. ಮನೆಯಲ್ಲಿ ಕನ್ನಡದಲ್ಲೇ ಬೆಳೆದು ಥೆರಪಿಯಲ್ಲಿ ಇಂಗ್ಲಿಷಿನಲ್ಲಿ ಮಾತಾಡುವವರು ತಮ್ಮ ಸಿಟ್ಟಿನ ಬಗ್ಗೆ ವರದಿ ಒಪ್ಪಿಸುವಂತೆ ಹೇಳಬಲ್ಲರು. ಅದೇ ಘಟನೆಯನ್ನು ಅಪ್ಪ ಆಡಿದ ಅದೇ ಕನ್ನಡ ಮಾತಿನಲ್ಲಿ ಹೇಳಿ ಎಂದರೆ ಗಂಟಲು ಕಟ್ಟುತ್ತದೆ. ಬೈಗುಳ, ಲಾಲಿ, ಊಟಕ್ಕೆ ಕರೆದ ಕೂಗು, ಎಲ್ಲ ಇರುವುದು ಆ ಭಾಷೆಯಲ್ಲಿ. ದುಬೈಯಲ್ಲಿರಲಿ, ಡಲ್ಲಾಸ್‌ನಲ್ಲಿರಲಿ, ಆನ್‌ಲೈನಿನಲ್ಲಾದರೂ ಕನ್ನಡ ಬಲ್ಲ ಥೆರಪಿಸ್ಟ್ ಸಿಕ್ಕರೆ ಆ ಅವಕಾಶ ಬಿಡಬೇಡಿ. ಸಿಗದಿದ್ದರೆ ಆ ಮೂಲ ಮಾತನ್ನು ಕನ್ನಡದಲ್ಲೇ ಒಮ್ಮೆ ಹೇಳಿ, ಆಮೇಲೆ ಅರ್ಥ ವಿವರಿಸಿ.

ಎರಡನೆಯದು ಮನುಷ್ಯರ ತ್ರಿಕೋನ: ಹಿಂದಿನವರು, ಇಂದಿನವರು, ಮತ್ತು ಎದುರು ಕುಳಿತ ಥೆರಪಿಸ್ಟ್. ಅಪ್ಪನ ಎದುರು, ಮ್ಯಾನೇಜರ ಎದುರು, ಗಂಡನ ಎದುರು ಏಳುವ ಭಾವವೇ ಇವತ್ತಲ್ಲ ನಾಳೆ ಥೆರಪಿಸ್ಟರ ಎದುರೂ ಏಳುತ್ತದೆ. ಇದಕ್ಕೆ ಭಾವ ವರ್ಗಾವಣೆ ಎಂದು ಹೆಸರು. ಬೇರೆ ಬಗೆಯ ಆಪ್ತಸಲಹೆಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲೇ ಇದೆ. ಬೇರೆ ಕಡೆ ಅದು ಅಡ್ಡಿ ಅನ್ನಿಸಬಹುದು, ಇಲ್ಲಿ ಅದೇ ಕಚ್ಚಾಮಾಲು. ಹೊರಗೆ ನಡೆದದ್ದರ ಬಗ್ಗೆ ಥೆರಪಿಸ್ಟ್ ಕೇಳಿ ತಿಳಿಯಬೇಕು. ಕೋಣೆಯೊಳಗೆ ನಡೆಯುವುದನ್ನು ಇಬ್ಬರೂ ಕಣ್ಣಾರೆ ನೋಡಬಹುದು.

'ಪರವಾಗಿಲ್ಲ ಮೇಡಂ'

ವಾರಕ್ಕೊಂದು ಸೆಷನ್, 45ರಿಂದ 50 ನಿಮಿಷ, ಅದೇ ದಿನ, ಅದೇ ಹೊತ್ತು, ಅದೇ ಜಾಗ. ಶುಲ್ಕ, ರದ್ದು ಮಾಡುವ ನಿಯಮ, ರಜೆಗಳು ಮೊದಲೇ ಮಾತಾಗಿರಬೇಕು. ಇದೆಲ್ಲ ಬರೀ ಶಿಸ್ತಿಗಾಗಿ ಎಂದು ಕಾಣುತ್ತದೆ. ನಿಜವಾಗಿ ಇದು ಅಳತೆಗೋಲು. ಚೌಕಟ್ಟು ಗಟ್ಟಿಯಾಗಿದ್ದರೆ ಮಾತ್ರ ಹತ್ತು ನಿಮಿಷ ತಡವಾಗಿ ಬಂದದ್ದಕ್ಕೆ, ಶುಲ್ಕ ಕೊಡಲು ಮರೆತದ್ದಕ್ಕೆ, ಕೊನೆಯ ಎರಡು ನಿಮಿಷದಲ್ಲಿ ಮುಖ್ಯ ವಿಷಯ ಎತ್ತಿದ್ದಕ್ಕೆ ಏನಾದರೂ ಅರ್ಥವಿದೆಯೇ ಎಂದು ಕೇಳಬಹುದು.

ಎರಡು ತಿಂಗಳಾಗಿದೆ ಎಂದುಕೊಳ್ಳಿ. ಆಕೆ ಪ್ರತಿವಾರ ಹೊತ್ತಿಗೆ ಸರಿಯಾಗಿ ಬರುತ್ತಾಳೆ, ಬಂದ ತಕ್ಷಣ 'ನಿಮಗೆ ಸುಸ್ತಾಗಿದೆಯಾ ಮೇಡಂ' ಎಂದು ವಿಚಾರಿಸುತ್ತಾಳೆ. ಒಂದು ವಾರ ಥೆರಪಿಸ್ಟ್ ಅನಿವಾರ್ಯವಾಗಿ ಸಮಯ ಬದಲಿಸುತ್ತಾರೆ.

'ಪರವಾಗಿಲ್ಲ ಮೇಡಂ, ನಿಮಗೂ ಎಷ್ಟು ಕೆಲಸ ಇರುತ್ತೆ.'

ಮುಂದಿನ ವಾರ ಕಚೇರಿ ಕೆಲಸದ ನೆಪದಲ್ಲಿ ಸೆಷನ್ ರದ್ದು. ಅದರ ಮುಂದಿನ ವಾರ ಬಂದು ಒಣ ದನಿಯಲ್ಲಿ ವಾರದ ವರದಿ ಒಪ್ಪಿಸುತ್ತಾಳೆ. ಥೆರಪಿಸ್ಟ್ ಸ್ವಲ್ಪ ಹೊತ್ತು ಕೇಳಿಸಿಕೊಂಡು ಹೇಳುತ್ತಾರೆ: 'ಹೋದ ಸಲ ಬಂದಾಗ ನಾನು ಟೈಮ್ ಬದಲಿಸಿದ್ದೆ. ನೀವು ಪರವಾಗಿಲ್ಲ ಅಂದಿರಿ. ಆಮೇಲೆ ಒಂದು ವಾರ ಬರಲಿಲ್ಲ. ಇವತ್ತು ನಾವಿಬ್ಬರೂ ಯಾಕೋ ದೂರ ಕೂತ ಹಾಗಿದೆ. ಇವಕ್ಕೆ ಏನಾದರೂ ಸಂಬಂಧ ಇರಬಹುದಾ?'

'ಅಯ್ಯೋ, ಹಾಗೇನಿಲ್ಲ ಮೇಡಂ.' ಆದರೆ ಒಂದು ದೊಡ್ಡ ಉಸಿರು, ಬ್ಯಾಗಿನ ಪಟ್ಟಿಯ ಮೇಲೆ ಬಿಗಿಯಾದ ಕೈ. ಥೆರಪಿಸ್ಟ್ ಸುಮ್ಮನೆ ಕಾಯುತ್ತಾರೆ. 'ಅವತ್ತು ಆ ಹೊತ್ತಿಗೆ ಬರೋಕೆ ನಾನು ಅರ್ಧ ದಿನ ರಜೆ ಹಾಕಬೇಕಾಯ್ತು. ನಿಮಗೆ ಆಗುತ್ತಾ ಅಂತ ನೀವು ಕೇಳಲೇ ಇಲ್ಲ.'

ಎರಡು ತಿಂಗಳ ಕೆಲಸ ಈ ಒಂದು ಮಾತಿಗೆ ಬಂದು ನಿಂತಿತು. ಜೀವಮಾನದಲ್ಲಿ ಮೊದಲ ಬಾರಿಗೆ ಆಕೆ ಮಾತು ಬಿಡುವ ಬದಲು ಮಾತಾಡಿದ್ದಾಳೆ. ಮುಂದಿನ ಅರ್ಧ ನಿಮಿಷದಲ್ಲಿ ಥೆರಪಿಸ್ಟ್ ಮೂರು ತಪ್ಪು ಮಾಡಬಹುದು. ಮೊದಲನೆಯದು, ತನ್ನನ್ನು ಸಮರ್ಥಿಸಿಕೊಳ್ಳುವುದು. ಎರಡನೆಯದು, ಪದೇ ಪದೇ ಕ್ಷಮೆ ಕೇಳುವುದು. ಹಾಗೆ ಕೇಳಿದರೆ ಆಕೆ ಥೆರಪಿಸ್ಟರನ್ನೇ ಸಮಾಧಾನಪಡಿಸಲು ನಿಲ್ಲುತ್ತಾಳೆ, ಸಿಟ್ಟು ಮತ್ತೆ ಹೊಟ್ಟೆಗೆ ಹೋಗುತ್ತದೆ. ಮೂರನೆಯದು ಬಹಳ ಜಾಣತನದಂತೆ ಕಾಣುತ್ತದೆ: 'ಇದು ನಿಮ್ಮ ತಂದೆಯ ಮೇಲಿನ ಸಿಟ್ಟು' ಎಂದು ತಕ್ಷಣ ಹಿಂದಕ್ಕೆ ಹಾರುವುದು. ಆ ಹಾರಿಕೆಯಿಂದ ಥೆರಪಿಸ್ಟ್ ತಾನು ಪಾರಾಗುತ್ತಾರೆ, ಅಷ್ಟೇ.

'ಹೌದು, ನಾನು ಕೇಳಲಿಲ್ಲ. ಕೇಳಬೇಕಿತ್ತು. ಈಗ ನೀವು ಹೇಳಿದಿರಲ್ಲ, ಹೇಳುವಾಗ ಒಳಗೆ ಏನಾಯ್ತು?' ಎನ್ನುವುದು ಸರಿಯಾದ ದಾರಿ. ಆಕೆ ಹೆದರಿದ್ದು ಆಗಲಿಲ್ಲ: ಎದುರಿನವರು ಸಿಡುಕಲಿಲ್ಲ, ಕುಸಿಯಲಿಲ್ಲ, ಬಿಟ್ಟು ಹೋಗಲಿಲ್ಲ. ಮನೋವಿಶ್ಲೇಷಕರಾದ ಫ್ರಾಂಜ್ ಅಲೆಕ್ಸಾಂಡರ್ ಮತ್ತು ಥಾಮಸ್ ಫ್ರೆಂಚ್ 1946ರಲ್ಲಿ ಇಂಥದ್ದಕ್ಕೆ ತಿದ್ದುವ ಭಾವಾನುಭವ ಎಂಬ ಅರ್ಥದ ಹೆಸರು ಕೊಟ್ಟರು. ಹಳೆಯ ನಕ್ಷೆಯನ್ನು ತಿದ್ದುವುದು ಅನುಭವ. ಮಾಹಿತಿ ಆ ಅನುಭವಕ್ಕೆ ಹೆಸರು ಕೊಡುತ್ತದೆ. ತಂದೆಯ ವಿಷಯ ಬರುತ್ತದೆ, ಬರಲೇಬೇಕು. ಆದರೆ ಈ ಭಾವ ಕೋಣೆಯಲ್ಲಿ ಬೆಚ್ಚಗಿರುವಾಗ ಆಕೆಯೇ 'ಮನೆಯಲ್ಲಿ ಹೀಗೆ ಹೇಳಿದ್ದರೆ...' ಎಂದು ಶುರು ಮಾಡಿದಾಗ ಅದರ ತೂಕವೇ ಬೇರೆ.

ಅದೇ ಹೊತ್ತಿನಲ್ಲಿ ದೇಹವನ್ನೂ ಗಮನಿಸುತ್ತಿರಬೇಕು. ನಿಟ್ಟುಸಿರು, ಮುಷ್ಟಿ ಬಿಗಿಯುವುದು, ಭುಜ ಏರುವುದು ಕಂಡರೆ ಆತಂಕ ತಡೆದುಕೊಳ್ಳಬಹುದಾದ ಮಟ್ಟದಲ್ಲಿದೆ, ಮುಂದುವರಿಯಬಹುದು. ಹೊಟ್ಟೆ ತೊಳೆಸಿದರೆ ನಿಧಾನಿಸಬೇಕು. ತಲೆ ಖಾಲಿಯಾದಂತೆ, ಕಣ್ಣು ಮಂಜಾದಂತೆ, ದನಿ ದೂರದಿಂದ ಕೇಳಿದಂತೆ ಅನ್ನಿಸಿದರೆ ಅಲ್ಲೇ ನಿಲ್ಲಿಸಿ ನೆಲದ ಮೇಲೆ ಪಾದ ಊರಿಸಿ, ಮಾತನ್ನು ಹಗುರ ಮಾಡಬೇಕು. ಆ ಸ್ಥಿತಿಯಲ್ಲಿ ಎಷ್ಟು ಒಳ್ಳೆಯ ವ್ಯಾಖ್ಯಾನ ಕೊಟ್ಟರೂ ಒಳಗೆ ಇಳಿಯುವುದಿಲ್ಲ, ಮನೆಗೆ ಹೋಗಿ ಎರಡು ದಿನ ತಲೆನೋವು ಮಾತ್ರ. ನಿಮಗೆ ಹಾಗಾದರೆ ನೀವಾಗಿಯೇ ಹೇಳಬಹುದು: 'ಈಗ ನನಗೆ ಏನೂ ತಲೆಗೆ ಹೋಗ್ತಿಲ್ಲ, ಸ್ವಲ್ಪ ತಡೀರಿ.'

ಒಂದು ಸಲ ಸಾಲದು

ಇಂಥ ಒಂದು ಸೆಷನ್ ಆದ ಮೇಲೆ ಎಲ್ಲ ಬದಲಾಯಿತು ಎಂಬ ಹಗುರ ಭಾವ ಬರುತ್ತದೆ. ಮುಂದಿನ ವಾರವೇ ಅತ್ತೆಯ ಮನೆಯಲ್ಲಿ ಹಳೆಯ ಆಟ ಶುರು. 'ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ' ಎಂಬಂತೆ. ಇದು ಸೋಲಲ್ಲ. ಬಾಗಿಲಲ್ಲಿ ಕಂಡದ್ದನ್ನು ಗವಾಕ್ಷಿಯಲ್ಲೂ, ಹಿತ್ತಿಲಲ್ಲೂ ಗುರುತು ಹಿಡಿಯಬೇಕು. ಕಚೇರಿಯಲ್ಲಿ, ಗಂಡನೊಡನೆ, ತಮ್ಮನ ಫೋನಿನಲ್ಲಿ, ತನ್ನ ಮಗಳ ಮೇಲೆ ರೇಗಿದಾಗ, ಹೀಗೆ ಒಂದೇ ಮಾದರಿಯನ್ನು ಇಪ್ಪತ್ತು ಕಡೆ ಹಾದುಬರುವುದೇ ಚಿಕಿತ್ಸೆಯ ಬಹುಪಾಲು ಕೆಲಸ. ಹೊರಗಿನಿಂದ ನೋಡಿದರೆ ಬೇಸರ ತರಿಸುವಷ್ಟು ಪುನರಾವರ್ತನೆ.

ಪ್ರಗತಿಗೆ ಒಂದು ಒಳ್ಳೆಯ ಅಳತೆಯಿದೆ: ಮಾದರಿ ಶುರುವಾಗುವುದಕ್ಕೂ ನಿಮಗೆ ಅದು ತಿಳಿಯುವುದಕ್ಕೂ ನಡುವಿನ ಕಾಲ. ಮೊದಮೊದಲು ಜಗಳ ಮುಗಿದು ಹತ್ತು ದಿನದ ಮೇಲೆ, ಅದೂ ಸೆಷನ್ನಿನಲ್ಲಿ ತಿಳಿಯುತ್ತದೆ. ನಂತರ ಅದೇ ರಾತ್ರಿ. ಆಮೇಲೆ ಪಾತ್ರೆ ಕುಕ್ಕುತ್ತಿರುವಾಗಲೇ. ಕೊನೆಗೆ 'ಪರವಾಗಿಲ್ಲ' ಎಂಬ ಮಾತು ನಾಲಿಗೆಯ ತುದಿಯಲ್ಲಿರುವಾಗ. ಆ ಹೊತ್ತಿಗೆ ಬೇರೆ ಮಾತು ಆಡುವ ಆಯ್ಕೆ ಹುಟ್ಟುತ್ತದೆ. ನೋವಿನ ತೀವ್ರತೆ ಕಡಿಮೆಯಾಗುವುದು ಎಷ್ಟೋ ಸಲ ಇದಕ್ಕಿಂತ ತಡವಾಗಿ. ನಡುವೆ ಕೆಲವು ವಾರ ಮೊದಲಿಗಿಂತ ಹೆಚ್ಚು ನೋವಾಗುವುದೂ ಉಂಟು, ನುಂಗುವ ಅಭ್ಯಾಸ ಸಡಿಲವಾಗಿದೆ, ಹೇಳುವ ಅಭ್ಯಾಸ ಇನ್ನೂ ಬಂದಿಲ್ಲ. ಜನ ಥೆರಪಿ ಬಿಡುವುದು ಹೆಚ್ಚಾಗಿ ಈ ಘಟ್ಟದಲ್ಲಿ. ಬಿಡಬೇಕು ಅನ್ನಿಸಿದರೆ ಮೆಸೇಜ್ ಹಾಕಿ ನಿಲ್ಲಿಸಬೇಡಿ. ಬಂದು, ಬಿಡಬೇಕು ಅನ್ನಿಸುತ್ತಿದೆ ಎಂದು ಹೇಳಿ. ಆ ಸೆಷನ್ ಸಾಮಾನ್ಯವಾಗಿ ಇಡೀ ವರ್ಷದ ಮುಖ್ಯ ಸೆಷನ್‌ಗಳಲ್ಲಿ ಒಂದಾಗಿರುತ್ತದೆ.

ಮನೆಯವರ ವಿಷಯವೂ ಇದೆ. ಹಳೆಯ ಸುತ್ತಿನಲ್ಲಿ ಅವರಿಗೂ ಒಂದು ಪಾತ್ರವಿತ್ತು. ಎಲ್ಲಕ್ಕೂ ಹೂಂ ಎನ್ನುತ್ತಿದ್ದವಳು 'ಈ ಭಾನುವಾರ ನನ್ನಿಂದಾಗದು' ಎಂದರೆ ಮನೆಯಲ್ಲಿ ಮೊದಲು ಸಂಭ್ರಮವಾಗುವುದಿಲ್ಲ, 'ಇವಳಿಗೆ ಏನೋ ಆಗಿದೆ' ಎಂಬ ಮಾತು ಬರುತ್ತದೆ. ಆದ್ದರಿಂದ ಹೊಸ ನಡೆಯನ್ನು ಅತಿ ಕಷ್ಟದ ಸಂಬಂಧದಲ್ಲಿ ಮೊದಲು ಪ್ರಯೋಗಿಸಬಾರದು. ಅತ್ತೆ, ತಂದೆಗಿಂತ ಮೊದಲು ಸಹೋದ್ಯೋಗಿ, ಗೆಳತಿ.

ಎಲ್ಲಿ ಕೆಡುತ್ತದೆ

ಥೆರಪಿಸ್ಟ್ ತಿಳಿಯದೆ ಮಾದರಿಯೊಳಗೆ ಸೇರಿಕೊಳ್ಳುವುದು ಎಲ್ಲಕ್ಕಿಂತ ಸಾಮಾನ್ಯ ತೊಡಕು. ಎಲ್ಲರನ್ನೂ ನೋಡಿಕೊಳ್ಳುವ ಆಕೆ ಥೆರಪಿಸ್ಟರನ್ನೂ ನೋಡಿಕೊಳ್ಳುತ್ತಾಳೆ. ಥೆರಪಿಸ್ಟರಿಗೆ ಆ ವಾರದ ಅತಿ ಹಿತವಾದ ಸೆಷನ್ ಇದೇ ಆಗಿರುತ್ತದೆ. ಹಿತವಾಗಿದೆ ಎಂಬುದೇ ಎಚ್ಚರಿಕೆಯ ಗಂಟೆ. ಹೀಗೆ ಎದುರಿನವರಿಂದ ನಿರ್ದಿಷ್ಟ ಪಾತ್ರಕ್ಕೆ ಎಳೆಯಲ್ಪಡುವುದನ್ನು ಮನೋವಿಶ್ಲೇಷಕ ಜೋಸೆಫ್ ಸ್ಯಾಂಡ್ಲರ್ 1976ರಲ್ಲಿ ವಿವರಿಸಿದ್ದರು. ಥೆರಪಿಸ್ಟರೂ ಅನುಭವಿಗಳೊಡನೆ ತಮ್ಮ ಕೆಲಸವನ್ನು ನಿಯಮಿತವಾಗಿ ಚರ್ಚಿಸಬೇಕು ಎನ್ನುವುದು ಇದಕ್ಕೇ.

ನಮ್ಮಲ್ಲಿ ಈ ತೊಡಕಿಗೆ ಇನ್ನೊಂದು ರೂಪವಿದೆ. ಇಲ್ಲಿ ಜನ ಡಾಕ್ಟರನ್ನು ಹಿರಿಯರಂತೆ, ಗುರುವಿನಂತೆ ನೋಡುತ್ತಾರೆ. ಮನೋವೈದ್ಯ ಜೆ. ಎಸ್. ನೇಕಿ 1973ರಲ್ಲಿಯೇ ಗುರು-ಶಿಷ್ಯ ಸಂಬಂಧವನ್ನು ಚಿಕಿತ್ಸೆಯ ಒಂದು ಮಾದರಿಯಾಗಿ ನೋಡಬಹುದೇ ಎಂದು ಬರೆದಿದ್ದರು. ಆ ಗೌರವದಲ್ಲಿ ಬಲವಿದೆ, ನಂಬಿಕೆ ಬೇಗ ಹುಟ್ಟುತ್ತದೆ. ಆದರೆ ನುಂಗಿಕೊಳ್ಳುವುದೇ ಮಾದರಿಯಾಗಿರುವವರು ಹೇಳಿದ್ದಕ್ಕೆಲ್ಲ 'ಹೌದು ಮೇಡಂ, ನೀವು ಹೇಳಿದ್ದು ಸರಿ' ಎಂದಾಗ ಅದನ್ನು ಪ್ರಗತಿ ಎಂದು ಎಣಿಸಿದರೆ ಹಳೆಯ ರೋಗಕ್ಕೇ ನೀರೆರೆದಂತೆ. ಹಾಗೆಂದು ಕುಳಿತಲ್ಲೇ ಮೌನವಾಗಿ, ಏನು ಕೇಳಿದರೂ ಉತ್ತರ ಕೊಡದೆ ಇರುವ ಥೆರಪಿಸ್ಟರನ್ನೂ ನಮ್ಮವರು ಬಹಳ ದಿನ ಸಹಿಸುವುದಿಲ್ಲ, ಸಹಿಸಬೇಕಾಗಿಯೂ ಇಲ್ಲ. ಈ ಬಗೆಯ ಚಿಕಿತ್ಸೆ ಹೇಗೆ ಸಾಗುತ್ತದೆ ಎಂದು ಮೊದಲೇ ಬಿಡಿಸಿ ಹೇಳುವುದು ಅವರ ಕರ್ತವ್ಯ.

ಎಲ್ಲರಿಗೂ ಎಲ್ಲ ಸಮಯದಲ್ಲೂ ಇದು ಹೊಂದುವುದಿಲ್ಲ. ತೀವ್ರ ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಸ್ಥಿತಿ), ಮೇನಿಯಾ (ಮಿತಿಮೀರಿದ ಉನ್ಮಾದ), ನಿಲ್ಲಿಸಲಾಗದ ಕುಡಿತ ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಆಗಬೇಕು. ಮನೆಯಲ್ಲಿ ಇವತ್ತೂ ಹೊಡೆತ ಬಡಿತ ನಡೆಯುತ್ತಿದ್ದರೆ ಮಾದರಿಯ ವಿಚಾರ ಆಮೇಲೆ, ಸುರಕ್ಷತೆ ಮೊದಲು. ಹೊಡೆಯುವವನ ತಪ್ಪನ್ನು ಹೊಡೆಸಿಕೊಂಡವರ ಮಾದರಿ ಎಂದು ಕರೆಯುವ ಯಾವ ಥೆರಪಿಯೂ ಥೆರಪಿಯಲ್ಲ.

ಫಲ ಕೊಡುತ್ತದೆಯೇ

ಖಿನ್ನತೆ, ಆತಂಕದಂಥ ತೊಂದರೆಗಳಲ್ಲಿ ಇದು ಸಿಬಿಟಿಯಂಥ (ಯೋಚನೆ ಮತ್ತು ನಡತೆಯನ್ನು ನೇರವಾಗಿ ತಿದ್ದುವ ಚಿಕಿತ್ಸೆ) ಸ್ಥಾಪಿತ ಚಿಕಿತ್ಸೆಗಳಿಗೆ ಸರಿಸಮ ಎಂದು 2017ರಲ್ಲಿ ಪ್ರಕಟವಾದ ಒಂದು ಮೆಟಾ ಅನಾಲಿಸಿಸ್, ಅಂದರೆ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿದ ಲೆಕ್ಕ, ತೋರಿಸಿತು. ಮೇಲು ಎಂದಲ್ಲ, ಸಮ. ಅದಕ್ಕಿಂತ ಕುತೂಹಲದ್ದು ಟ್ಯಾವಿಸ್ಟಾಕ್‌ನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನ. ಬೇರೆ ಚಿಕಿತ್ಸೆಗಳಿಗೆ ಬಗ್ಗದ ಖಿನ್ನತೆಯಿದ್ದ 129 ಜನ. ಒಂದು ಗುಂಪಿಗೆ ಎಂದಿನ ಚಿಕಿತ್ಸೆಯ ಜೊತೆಗೆ 18 ತಿಂಗಳಲ್ಲಿ ಈ ಥೆರಪಿಯ 60 ಸೆಷನ್, ಇನ್ನೊಂದಕ್ಕೆ ಎಂದಿನ ಚಿಕಿತ್ಸೆ ಮಾತ್ರ. ಮುಗಿದಾಗ ಭಾಗಶಃ ಗುಣ ಕಂಡವರು ಶೇ. 32.1 ಮತ್ತು ಶೇ. 23.9, ಹೇಳಿಕೊಳ್ಳುವಂಥ ವ್ಯತ್ಯಾಸವಲ್ಲ. ಎರಡು ವರ್ಷದ ನಂತರ ನೋಡಿದರೆ ಶೇ. 30 ಮತ್ತು ಶೇ. 4.4. ಮೊದಲ ಗುಂಪು ಗಳಿಸಿದ್ದನ್ನು ಉಳಿಸಿಕೊಂಡಿತ್ತು, ಎರಡನೆಯದು ಕಳೆದುಕೊಂಡಿತ್ತು. ಪೂರ್ತಿ ಗುಣವಾದವರು ಎರಡರಲ್ಲೂ ಕಡಿಮೆಯೇ, ಅದನ್ನು ಮುಚ್ಚಿಡಬಾರದು.

ಕೋಣೆಯೊಳಗಿನ ಸಂಬಂಧದ ಬಗ್ಗೆ ನೇರವಾಗಿ ಮಾತಾಡುವುದು ನಿಜಕ್ಕೂ ಬೇಕೇ ಎಂಬುದನ್ನು ನಾರ್ವೆಯ ಪೆರ್ ಹೋಗ್ಲೆಂಡ್ ತಂಡ 100 ಜನರ ಮೇಲೆ ಪರೀಕ್ಷಿಸಿತು. ಎಲ್ಲರಿಗೂ ಒಂದು ವರ್ಷ ವಾರಕ್ಕೊಂದು ಸೆಷನ್; ಅರ್ಧ ಜನರಿಗೆ ಮಾತ್ರ ಆ ಬಗೆಯ ಮಾತು. ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ಆದರೆ ಸಂಬಂಧಗಳು ಮೊದಲಿನಿಂದಲೂ ಹದಗೆಟ್ಟಿದ್ದವರಿಗೆ ಅದರಿಂದ ಹೆಚ್ಚು ಲಾಭವಾಯಿತು. ಅಲ್ಲಿಯವರೆಗಿನ ನಂಬಿಕೆ ಇದಕ್ಕೆ ತದ್ವಿರುದ್ಧವಾಗಿತ್ತು.

ಹುಡುಕುವವರಿಗೆ

ಭಾರತದಲ್ಲಿ ಈ ಪರಂಪರೆ ಹೊಸದಲ್ಲ. ಗಿರೀಂದ್ರಶೇಖರ ಬೋಸ್ ಕಲ್ಕತ್ತೆಯಲ್ಲಿ ಮನೋವಿಶ್ಲೇಷಣಾ ಸಂಘ ಸ್ಥಾಪಿಸಿದ್ದು 1922ರಲ್ಲಿ. ಆದರೆ ತರಬೇತಿ ಪಡೆದವರು ಇಂದಿಗೂ ದೊಡ್ಡ ನಗರಗಳಲ್ಲೇ ಹೆಚ್ಚು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರ ಬಳಿ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇದೆಯೇ ಎಂದು ಕೇಳಿ. ನೋಂದಣಿ ಇದ್ದ ಮಾತ್ರಕ್ಕೆ ಈ ಪದ್ಧತಿಯಲ್ಲಿ ಪಳಗಿದ್ದಾರೆ ಎಂದಲ್ಲ. ಸೈಕೋಡೈನಮಿಕ್ ತರಬೇತಿ ಎಲ್ಲಿ, ಎಷ್ಟು ಕಾಲ ಆಯಿತು, ಈಗಲೂ ಯಾರ ಬಳಿಯಾದರೂ ಸೂಪರ್‌ವಿಷನ್ (ಅನುಭವಿಗಳ ಮಾರ್ಗದರ್ಶನ) ಪಡೆಯುತ್ತಾರೆಯೇ, ನನ್ನ ತೊಂದರೆಯನ್ನು ನೀವು ಹೇಗೆ ಅರ್ಥ ಮಾಡಿಕೊಂಡಿದ್ದೀರಿ ಎಂಬುದನ್ನು ಮೂರು ನಾಲ್ಕು ಭೇಟಿಯ ನಂತರ ಕೇಳುವ ಹಕ್ಕು ನಿಮಗಿದೆ. ಕೊನೆಯ ಪ್ರಶ್ನೆಗೆ ನಿಮಗೆ ತಿಳಿಯುವ ಮಾತಿನಲ್ಲಿ ಉತ್ತರ ಬರಬೇಕು. ಸ್ನೇಹ, ವ್ಯವಹಾರ, ದೈಹಿಕ ಸಂಬಂಧದ ಕಡೆ ವಾಲಿದರೆ ಎದ್ದು ಬನ್ನಿ. ಅದಕ್ಕೆ ಯಾವ ವ್ಯಾಖ್ಯಾನವೂ ಸಲ್ಲದು.

ವಾರ ವಾರ ವರ್ಷಗಟ್ಟಲೆ ಎಲ್ಲರ ಕೈಗೆಟುಕುವುದಿಲ್ಲ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಒಂದೇ ಒಂದು ಮಾದರಿಯನ್ನು ಹಿಡಿದು 16 ಸೆಷನ್‌ಗಳಲ್ಲಿ ಮುಗಿಸುವ ರೂಪವೂ ಇದೆ. ದುಡ್ಡು, ಸಮಯ ಕಡಿಮೆಯಿದ್ದರೆ ನಿಮ್ಮ ಥೆರಪಿಸ್ಟರ ಬಳಿ ಇಂತಿಷ್ಟೇ ಸೆಷನ್, ಇದೊಂದೇ ವಿಷಯ ಎಂದು ಮಾತಾಡಿಕೊಳ್ಳಬಹುದು. ತಿಂಗಳಿಗೊಮ್ಮೆ ಭೇಟಿಯಾಗುವುದಕ್ಕಿಂತ ನಾಲ್ಕು ತಿಂಗಳು ವಾರಕ್ಕೊಮ್ಮೆ ಭೇಟಿಯಾಗುವುದು ಎಷ್ಟೋ ಮೇಲು; ನಡುವೆ ಅಂತರ ಹೆಚ್ಚಾದರೆ ಸೆಷನ್ ಸುದ್ದಿ ಹೇಳುವುದರಲ್ಲೇ ಕಳೆದುಹೋಗುತ್ತದೆ. ತಕ್ಷಣದ ಸಂಕಟಕ್ಕೆ, ಸಾಯಬೇಕು ಅನ್ನಿಸಿದಾಗ, 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯಲ್ಲಿ ದಿನದ 24 ಗಂಟೆಯೂ ಕನ್ನಡದಲ್ಲಿ ಮಾತಾಡಬಹುದು. ಅದು ತುರ್ತು ನೆರವು, ಈ ದೀರ್ಘ ಕೆಲಸದ ಬದಲಿಯಲ್ಲ.

ಮುಗಿಸುವ ತಿಂಗಳುಗಳು

ಮುಕ್ತಾಯವನ್ನು ಕೊನೆಯ ದಿನ ಘೋಷಿಸುವುದಿಲ್ಲ. ವರ್ಷದ ಚಿಕಿತ್ಸೆಯಾದರೆ ಎರಡು ಮೂರು ತಿಂಗಳ ಮೊದಲೇ ದಿನಾಂಕ ಗೊತ್ತು ಮಾಡಬೇಕು, ಗೊತ್ತು ಮಾಡಿದ ಮೇಲೆ ಬದಲಿಸಬಾರದು. ಹೀಗೆ ಮಾಡಿದ ಒಂದೆರಡು ವಾರದಲ್ಲೇ ಹಳೆಯ ಲಕ್ಷಣಗಳು ಮರಳಿ ಬರುವುದು ಸಾಮಾನ್ಯ. ನಿದ್ದೆ ಕೆಡುತ್ತದೆ, ಆರು ತಿಂಗಳಿಂದ ಇಲ್ಲದ ಜಗಳ ಮತ್ತೆ ಹುಟ್ಟುತ್ತದೆ. ಥೆರಪಿಸ್ಟ್ ಗಾಬರಿಯಾಗಿ ಇನ್ನಷ್ಟು ದಿನ ಮುಂದುವರಿಸೋಣ ಎಂದರೆ, ಅಗಲಿಕೆಯ ದುಃಖವನ್ನು ಹೇಳಿಕೊಳ್ಳುವ ಅವಕಾಶ ಇಬ್ಬರ ಕೈಯಿಂದಲೂ ಜಾರುತ್ತದೆ.

ನಮ್ಮ ಉದಾಹರಣೆಯ ಹೆಣ್ಣುಮಗಳು ಕೊನೆಗೆ ಐದು ವಾರವಿರುವಾಗ ಒಂದು ದಿನ ಬಂದು ಹದಿನೈದು ನಿಮಿಷ ಬರೀ ಹೂಂ, ಉಹೂಂ ಎನ್ನುತ್ತಾ ಕೂರುತ್ತಾಳೆ. ಈ ಸಲ ಥೆರಪಿಸ್ಟ್ ಬಾಯಿ ತೆರೆಯುವ ಮೊದಲೇ ಆಕೆಯೇ ಹೇಳುತ್ತಾಳೆ: 'ಮೇಡಂ, ನಾನು ನಿಮ್ಮ ಜೊತೆ ಮಾತು ಬಿಟ್ಟಿದ್ದೀನಿ. ನೀವು ಇಷ್ಟು ಸಲೀಸಾಗಿ ಡೇಟ್ ಬರ್ಕೊಂಡಿದ್ದು ನನಗೆ ಇಷ್ಟ ಆಗ್ಲಿಲ್ಲ.'